ಮಗಳು ಪುಣೆಯಲ್ಲಿ, ಮಗಳ ಹೆಸರು ಹಿಪ್ಪರಗಿಯಲ್ಲಿ

ಪುಣೆಗೆ ಬಂದ ಹೊಸದರಲ್ಲಿ, ಅಂಗಡಿಯಲ್ಲಿ ಜೋಳದ ರೊಟ್ಟಿ ಮಾರುವುದನ್ನು ಕಂಡು ನನಗೆ ಗಾಬರಿಯೇ ಆಯಿತು. ನಮ್ಮ ಹೂವಿನ ಹಿಪ್ಪರಗಿಯಲ್ಲಿ ಹೊತ್ತಿಗೆ ಬಂದವರಿಗೆ ‘ಉಂಡು ಹೋಗ್ರಿ’ ಅನ್ನುತ್ತೇವೆಯೇ ಹೊರತು ರೊಟ್ಟಿಗೆ ರೊಕ್ಕ ಕೇಳುತ್ತೇವೆಯೇ? ಇಲ್ಲಿ ಅದರ ಹೆಸರು ಭಾಕರಿ, ಒಂದೊಂದಕ್ಕೂ ಬೆಲೆ. ಈಗ ಅಂಥದೇ ಅಂಗಡಿಯಲ್ಲಿ ದಿನವಿಡೀ ಭಾಕರಿ ಬಡಿಯುವವಳು ನಾನೇ.

ಗಂಡನೊಂದಿಗೆ ಬಾಳುವೆ ಮುರಿದಾಗ ನಾವು ಕೋರ್ಟು ಹತ್ತಲಿಲ್ಲ. ನಮ್ಮಲ್ಲಿ ಯಾರು ಹತ್ತುತ್ತಾರೆ? ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಂಚಿ, ‘ಇನ್ನ ನಿನ್ನ ದಾರಿ ನಿನಗ, ಅವನ ದಾರಿ ಅವಗ’ ಎಂದರು. ಮುಗಿಯಿತು. ಪುಟ್ಟ ಮಗಳು ಸುಜಾತಾಳ ಕೈಹಿಡಿದು ಇಲ್ಲಿಗೆ ಬಂದೆ. ಮನೆ ಮಾಲಕಿಯೊಡನೆ ಮರಾಠಿಯಲ್ಲಿ ಜಗಳವಾಡಿ ಗೆದ್ದ ದಿನ ಮಗಳಿಗೆ ಜಿಲೇಬಿ ತಂದಿದ್ದೆ. ಬೇರೆ ಗೆಲುವೇನೂ ನೆನಪಿಲ್ಲ.

ಈ ವರ್ಷ ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಫೀ ರಿಯಾಯಿತಿ ಸಿಗದಿದ್ದರೆ ಓದು ನಮ್ಮ ಕೈಗೆ ಎಟುಕುವಂಥದ್ದಲ್ಲ. ರಿಯಾಯಿತಿ ಕೇಳಲು ಹೋದಾಗ ಪುಣೆಯ ಕಚೇರಿಯವನು “ವಡೀಲ ಕುಠೇ?” ಎಂದ, ತಂದೆ ಎಲ್ಲಿ ಅಂತ. ಹಿರಿಯರು ಬಿಡಿಸಿದ್ದನ್ನು ಹೇಳಿದೆ. ನಕ್ಕುಬಿಟ್ಟ. ಕೋರ್ಟಿನ ಕಾಗದವಿಲ್ಲ, ಮಗಳ ಹೆಸರು ಇನ್ನೂ ಹಿಪ್ಪರಗಿಯ ರೇಷನ್ ಕಾರ್ಡಿನಲ್ಲಿದೆ. ಹಾಗಾದರೆ ತಂದೆ ಎಲ್ಲಿಯವನೋ ಮಗಳೂ ಅಲ್ಲಿಯವಳು, ಇಲ್ಲಿಯ ರಿಯಾಯಿತಿ ಸಿಗದು ಎಂದ.

ಸರಿ, ಅಲ್ಲಿಯವಳಾದರೆ ಅಲ್ಲಿಯೇ ಕೇಳೋಣವೆಂದು ಹಿಪ್ಪರಗಿಯ ತಾಲೂಕು ಊರು ಬಸವನ ಬಾಗೇವಾಡಿಯ ಕಚೇರಿಗೆ ಹೋದೆವು.

“ಕಲಿತದ್ದೆಲ್ಲಾ ಮಹಾರಾಷ್ಟ್ರದಾಗ. ನಮ್ಮ ಸವಲತ್ತು ಆಕಿಗೆ ಬರೂದಿಲ್ರೀ,” ಎಂದರು ಸಾಹೇಬರು.

“ಹಂಗಾರ ಆಕಿ ಯಾವ ಊರಾಕಿರಿ?”

“ಅದನ್ನ ನಾ ಹೆಂಗ ಹೇಳ್ಲಿ ಅಕ್ಕಾರ?”

ಹಿಪ್ಪರಗಿಯ ಬಸ್ಸು ಹತ್ತಿದೆವು. ಕರ್ನಾಟಕದ ಬಸ್ಸಿನಲ್ಲಿ ಈ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ರೊಕ್ಕವಿಲ್ಲ. ಕಂಡಕ್ಟರ್ ಮಗಳ ಆಧಾರಿನಲ್ಲಿ ಹಿಪ್ಪರಗಿ ವಿಳಾಸ ನೋಡಿ ಪುಕ್ಕಟೆ ಚೀಟಿ ಕೊಟ್ಟ. ನನ್ನದರಲ್ಲಿ ಪುಣೆ ವಿಳಾಸ ಕಂಡು, “ನೀವು ರೊಕ್ಕ ತಗೀರಿ,” ಎಂದ. ಆ ಊರಲ್ಲಿ ಬೆಳೆಯದ ಮಗಳು ಊರಿನವಳು, ಅಲ್ಲೇ ಸೊಸೆಯಾಗಿ ದುಡಿದ ನಾನು ಪರದೇಶಿ. ಸಿಟ್ಟಿನಲ್ಲಿ ಕಣ್ಣೀರು ಬಂತು.

ಗಂಡನ ಮನೆಯ ಅಂಗಳದಲ್ಲಿ ಮಾವ ಕೂತಿದ್ದರು. ಮಗಳು ಕೂತುಕೊಳ್ಳದೇ ಹೇಳಿದಳು: “ಮುತ್ಯಾ, ಕಾರ್ಡಿನಾಗಿಂದ ನನ್ನ ಹೆಸರ ತಗಸು, ಪುಣೆದಾಗ ಅವ್ವನ ಕೂಡ ಹಚ್ಚಸ್ತೀನಿ. ಮುಂದಿನ ವರ್ಷಕ್ಕರ ದಾರಿ ಆಗಲಿ.”

ಮುದುಕರ ಮುಖ ಬಾಡಿತು. “ಸೊಸಿ ಹೋದಳು, ಮೊಮ್ಮಗಳ ಹೆಸರರ ಮನ್ಯಾಗ ಇರ್ಲಿ ಅಂತ ಇಟ್ಟಿದ್ನೆವ್ವಾ. ಅದ ನಿನಗ ಮುಳ್ಳಾತಾ?”

ಪ್ರೀತಿಯಿಂದ ಇಟ್ಟ ಹೆಸರದು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಮರುದಿನ ಅವರೇ ನಮ್ಮನ್ನು ಕರೆದುಕೊಂಡು ಬಾಗೇವಾಡಿಗೆ ಬಂದರು. ಸಾಲಿನಲ್ಲಿ ನಿಂತಿದ್ದಾಗಲೇ ಕಾಲೇಜಿನಿಂದ ಫೋನು: ಫೀ ತುಂಬದ ಕಾರಣ ಸೀಟು ಬೇರೆಯವರಿಗೆ ಹೋಯಿತು. ಸುಜಾತಾ “ಠೀಕ ಆಹೇ” ಎಂದು ಫೋನಿಟ್ಟಳು. ಆಗಲಿ ಅಂದಂತೆ. ಸಾಲು ಬಿಟ್ಟು ಮಾತ್ರ ಬರಲಿಲ್ಲ.

ಹೆಸರು ತೆಗೆಸಲು ಬಂದವರಲ್ಲಿ ಹೆಚ್ಚಿನವರು ಮನೆಯಲ್ಲಿ ಸಾವಾದವರು. ನಮ್ಮ ಸರದಿ ಬಂತು. ಮೇಜಿನ ಹಿಂದಿನ ಹುಡುಗಿ ತಲೆ ಎತ್ತದೇ ಕೇಳಿದಳು: “ತೀರಿಕೊಂಡು ಎಷ್ಟ ದಿನ ಆತ್ರಿ?”

ಮಾವ ಮೊಮ್ಮಗಳ ರಟ್ಟೆ ಹಿಡಿದರು.

“ಇಲ್ಲೇ ನಿಂತಾಳಲ್ಲವಾ.”