ಶಫೀ ಸಾಹೇಬರು ಬರೆದ ಕೆಂಪು ಸಾಲು

ಸ್ವಿಚ್ ಬೋರ್ಡಿನ ಮುಚ್ಚಳ ತೆಗೆಯುವ ಮೊದಲು ಶಫೀ ಸಾಹೇಬರು ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಬಿಡುತ್ತಿದ್ದರು. ನೋಡಿದವರಿಗೆ ಶೋಕಿ ಮನುಷ್ಯ ಅನ್ನಿಸಬೇಕು. ನಮ್ಮ ಬೇಕರಿಯ ಅಂತೋಣಿ ಒಮ್ಮೆ ಕೇಳಿಯೇಬಿಟ್ಟ: "ಏನ್ ಸಾಹೇಬ್ರೇ, ಜೇಬಲ್ಲಿ ಚಿನ್ನ ಇದ್ಯಾ?"

"ಜೀವ ಇದೆ ಅಂತೋಣಿ. ಎರಡೂ ಕೈ ಬೋರ್ಡಿನೊಳಗಿಟ್ರೆ ಕರೆಂಟು ಈ ಕೈಲಿ ಹತ್ತಿ ಆ ಕೈಲಿ ಇಳಿಯುತ್ತೆ. ಮಧ್ಯದಲ್ಲಿ ದಿಲ್ ಇದೆಯಲ್ಲಪ್ಪ!"

ಮಕ್ಕಳೇ, ಹಲಸೂರಿನಲ್ಲಿ ನಿಮ್ಮ ತಾತ ಕಟ್ಟಿಸಿದ ಕಟ್ಟಡ ನೀವು ನೋಡಿದ್ದೀರಿ. ಕೆಳಗೆ ಅಂತೋಣಿಯ ಬೇಕರಿ, ಮೇಲೆ ಮಕ್ಕಳ ಟ್ಯೂಷನ್, ಎರಡೂ ಬಾಡಿಗೆಗೆ. ತಾತ ಹೋದ ಮೇಲೆ ಅದರ ಜವಾಬ್ದಾರಿ ನನ್ನ ಮೇಲೆ ಬಿತ್ತು. ಬಾಡಿಗೆಯವರ ಎದುರು ಬಾಯಿ ತೆರೆಯಲೂ ನಾಚುವ ಹೆಂಗಸು ನಾನು. ವಿಮೆಯವರು ವಿದ್ಯುತ್ ಸುರಕ್ಷತೆಯ ತಪಾಸಣೆ ಆಗಲೇಬೇಕು ಎಂದಾಗ ಶಿವಾಜಿನಗರದಿಂದ ಸ್ಕೂಟರಿನಲ್ಲಿ ಬಂದವರು ಈ ಸಾಹೇಬರು. ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಜ್ವರ ಬಂದ ಕೂಸಿನ ಹಣೆ ಮುಟ್ಟಿದಂತೆ ಒಂದೊಂದು ಬೋರ್ಡಿನ ಮುಚ್ಚಳಕ್ಕೂ ಕೈ ತಾಗಿಸಿ ನೋಡಿದರು.

ವಾರದ ಮೇಲೆ ವರದಿ ಬಂತು. ಕೆಂಪು, ಹಳದಿ, ಹಸಿರು ಸಾಲುಗಳು. ನಮ್ಮೂರ ಶಾಲೆಯಲ್ಲಿ ಕೆಂಪು ಶಾಯಿ ಎಂದರೆ ನಪಾಸು. ನಿಮ್ಮ ತಾತನ ಕಟ್ಟಡ ನಪಾಸಾಯಿತಲ್ಲ ಎಂದು ನಾನು ಬೇಕರಿಯ ಕಡೆ ತಲೆಯೇ ಹಾಕಲಿಲ್ಲ. ವಿಷಯ ತಿಳಿದು ಸಾಹೇಬರು ಮನೆಗೇ ಬಂದರು.

"ಅರೆ ಬೆಹೆನ್, ಇದರಲ್ಲಿ ಪಾಸು ಫೇಲು ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಅಷ್ಟೇ. ಕೆಂಪು ಅಂದ್ರೆ ಈಗಲೇ. ಹಳದಿ ಅಂದ್ರೆ ಈ ತಿಂಗಳೊಳಗೆ. ಹಸಿರು ಅಂದ್ರೆ ಮುಂದೆ ರಿಪೇರಿ ಮಾಡಿಸೋವಾಗ ಮರೀಬೇಡಿ."

ಹಳದಿಯಲ್ಲೊಂದನ್ನು ಓದಿ ನಕ್ಕರು. ಮೀಟರ್ ಬೋರ್ಡಿನ ಸಂದಿಗೆ ಊದುಬತ್ತಿ ಸಿಕ್ಕಿಸುವುದನ್ನು ನಿಲ್ಲಿಸಬೇಕಂತೆ! ಪ್ರತಿ ಶುಕ್ರವಾರ ಸಿಕ್ಕಿಸುತ್ತಿದ್ದವಳು ನಾನೇ. "ದೇವರಿಗೆ ಬೇರೆ ಜಾಗ ಕೊಡಿ ಬೆಹೆನ್, ಅಲ್ಲಿ ಬಹಳ ಸೆಕೆ," ಎಂದರು.

ಕೆಂಪು ಸಾಲು ಒಂದೇ. ಬಲ್ಬುಗಳಿಗೆಂದು ಎಳೆದಿದ್ದ ಹಳೆಯ ಸಣ್ಣ ವೈರಿನಿಂದಲೇ ಬೇಕರಿಯ ದೊಡ್ಡ ಓವನ್ ಉರಿಯುತ್ತಿತ್ತು. ದಪ್ಪ ವೈರು ಎಳೆದು ಬೇರೆ ಸ್ವಿಚ್ ಹಾಕುವ ತನಕ ಓವನ್ ನಿಲ್ಲಬೇಕು. ಅದೋ ಕ್ರಿಸ್‌ಮಸ್ ವಾರ, ಅಂತೋಣಿಗೆ ವರ್ಷದ ಸುಗ್ಗಿ.

"ನೀವೇ ಹೇಳಿಬಿಡಿ ಸಾಹೇಬರೇ," ಎಂದೆ.

"ಬರೆಯೋದು ನನ್ನ ಕೆಲಸ. ನಿಲ್ಲಿಸೋ ಹಕ್ಕು ಮಾಲೀಕರದ್ದು. ನಡೀರಿ, ಪಕ್ಕದಲ್ಲೇ ನಿಂತಿರ್ತೀನಿ."

ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಹೋಗಿ ಹೇಳಿದೆ. ಅಂತೋಣಿ ಕೈಮುಗಿದ. "ಅಮ್ಮಾ, ಹಬ್ಬ ಒಂದು ಮುಗೀಲಿ. ಇಷ್ಟು ವರ್ಷ ಏನೂ ಆಗಿಲ್ವಲ್ಲ!"

ಅಷ್ಟರಲ್ಲಿ ಮೇಲಿನಿಂದ ಟ್ಯೂಷನ್ ಮಕ್ಕಳು ಮಗ್ಗಿ ಕೂಗುವುದು ಕೇಳಿಸಿತು. ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. "ಮೇಲೆ ಮಕ್ಕಳಿದಾವೆ ಅಂತೋಣಿ. ಸ್ವಿಚ್ಚು ನೀನು ಆರಿಸ್ತೀಯೋ, ನಾನೇ ಆರಿಸ್ಲೋ?"

ಅವನು ಮೆಲ್ಲಗೆ ಆರಿಸಿದ. ಸಾಹೇಬರು ಬೋರ್ಡು ಬಿಚ್ಚಿ ತೋರಿಸಿದರು. ವೈರಿನ ಸಿಪ್ಪೆ ಕರಕಲಾಗಿ ಉದುರುತ್ತಿತ್ತು. ಅಂತೋಣಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಕೇಕು ನಿಲ್ಲಲಿಲ್ಲ, ಮಕ್ಕಳೇ! ಕಮ್ಮನಹಳ್ಳಿಯ ಅವನ ಸ್ನೇಹಿತನ ಓವನ್ ಸಿಕ್ಕಿತು. ಹಿಟ್ಟಿನ ಬೋಗುಣಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೊರಟವರು ಯಾರೆಂದುಕೊಂಡಿರಿ? ಸಾಹೇಬರೇ. ಗುಂಡಿಗೊಮ್ಮೆ ಹಿಟ್ಟು ಚೆಲ್ಲಿ, ವಾಪಸು ಬರುವಾಗ ಗಡ್ಡಕ್ಕೆಲ್ಲ ದ್ರಾಕ್ಷಿ ಅಂಟಿತ್ತು. ಬೀದಿಯೆಲ್ಲ ನಕ್ಕಿತು, ಅವರೂ ನಕ್ಕರು.

ಅವರನ್ನು ಕೊನೆಯ ಸಲ ನೋಡಿದ್ದು ಬೇಕರಿಯಲ್ಲೇ. ಮಂಡಿನೋವಿನಿಂದ ಕೆಲಸ ಬಿಟ್ಟಿದ್ದರು. ಆದರೂ ಬೇರೆಯವರು ಮಾಡಿದ ಹೊಸ ತಪಾಸಣೆಯ ವರದಿ ಬಂದ ದಿನ ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಹಾಳೆಯನ್ನು ಮುಟ್ಟಲಿಲ್ಲ. "ನೀವು ಓದಿ ಬೆಹೆನ್, ನಾನು ಕೇಳ್ತೀನಿ."

ಗಿರಾಕಿಗಳ ಎದುರೇ ಗಟ್ಟಿಯಾಗಿ ಓದಿದೆ. ಕೆಂಪು ಇರಲಿಲ್ಲ. ಹಳದಿ ಒಂದು, ಫ್ರಿಜ್ಜಿನ ಪ್ಲಗ್ಗು ಸಡಿಲ. ಯಾರೂ ಹೇಳಿಕೊಡದೆ ತಿರುಗಿ ಹೇಳಿದೆ: "ಅಂತೋಣಿ, ಈ ತಿಂಗಳೊಳಗೆ ಬದಲಾಯಿಸ್ಬೇಕು."

"ನಾಳೆನೇ ಮಾಡಿಸ್ತೀನಿ ಓನರಮ್ಮಾ!" ಎಂದ ಅಂತೋಣಿ.

ಸಾಹೇಬರು ಚಹಾದಲ್ಲಿ ಅದ್ದಿದ ಬನ್ನನ್ನು ಕೈಯಲ್ಲೇ ಹಿಡಿದು, ಕಣ್ಣು ಮುಚ್ಚಿ, ಹಾಡು ಕೇಳುವವರಂತೆ ತಲೆದೂಗಿದರು.

"ಇನ್ನೊಂದು ಸಲ ಓದಿ," ಎಂದರು.