ಜಗಳ ನಿಂತ ಮೇಲೆ

ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವನ ಹಟ ಎನ್ನಿ, ಸೋಮಾರಿತನ ಎನ್ನಿ, ಕಲಿಯಲೇ ಇಲ್ಲ. ಹಾಗಾಗಿ ನಮ್ಮ ಗಡಿನಾಡಿನ ಸೀತಾಂಗೋಳಿ ಪೇಟೆಯ ಒಬ್ಬ ದರ್ಜಿ ದಿನಾ ಬೆಳಿಗ್ಗೆ ಮಲಯಾಳ ಪತ್ರಿಕೆಯನ್ನು ನನಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಅವನ ಪಕ್ಷಕ್ಕೂ ನನ್ನ ಪಕ್ಷಕ್ಕೂ ಎಣ್ಣೆ ಸೀಗೆಕಾಯಿ.

ಓದಿ ಮುಗಿದ ಮೇಲೆ ಜಗಳ. ನನ್ನ ಸಿಟ್ಟು ಮೂಗಿನ ತುದಿಯಲ್ಲಿ, ಮೇಜು ಗುದ್ದುತ್ತಿದ್ದೆ. ಅವನು ನನ್ನ ಮಾತು ಪೂರ್ತಿ ಮುಗಿಯುವವರೆಗೆ ಕಾದು, "ಅಲ್ಲ ಮಾಸ್ಟ್ರೇ, ಒಂದು ವಿಷಯ ಉಂಟು" ಎಂದು ಶುರು ಮಾಡುತ್ತಿದ್ದ. ಕೆಲವೊಮ್ಮೆ ಮರುದಿನ, "ನಿನ್ನೆ ನೀವು ಹೇಳಿದ್ದು ಆಲೋಚನೆ ಮಾಡಿದೆ. ಅರ್ಧ ಸರಿ ಉಂಟು" ಎನ್ನುತ್ತಿದ್ದ. ನಿವೃತ್ತನಾದ ಮೇಲೆ ನಾನಾಡಿದ ಮಾತನ್ನು ಮನೆಗೆ ಒಯ್ದು ಆಲೋಚಿಸುವವರು ನನಗೆ ಬೇರೆ ಯಾರಿದ್ದರು?

ಕಳೆದ ಪಂಚಾಯತ್ ಚುನಾವಣೆಯ ಹೊತ್ತಿಗೆ ಅವನು ಒಂದು ಲೇಖನ ಓದಿದ. ನನ್ನ ಪಕ್ಷವನ್ನು ಅದರಲ್ಲಿ ಚೆನ್ನಾಗಿ ಝಾಡಿಸಿದ್ದರು. ಇವನೇ ಉಪ್ಪು ಖಾರ ಹಚ್ಚಿದ್ದಾನೆ ಎಂದು ನನಗೆ ಸಂಶಯ ಬಂತು. ಪತ್ರಿಕೆಯನ್ನು ಕೇಳಿ ತೆಗೆದುಕೊಂಡು ಹೋಗಿ, ಎದುರಿನ ಮೆಡಿಕಲ್ ಶಾಪಿನವನಿಂದ ಮತ್ತೆ ಓದಿಸಿದೆ. ಅವನು ನನ್ನ ಪಕ್ಷದವನೇ. ಒಂದಕ್ಷರ ಹೆಚ್ಚಿರಲಿಲ್ಲ. ದರ್ಜಿಯ ಪಕ್ಷವನ್ನು ಬೈದ ಎರಡು ಸಾಲುಗಳಿದ್ದವು. ಅವನ್ನೂ ದರ್ಜಿ ಬಿಡದೆ ನನಗೆ ಓದಿ ಹೇಳಿದ್ದ. ಮೆಡಿಕಲಿನವನು ನನ್ನ ಈ ಪರೀಕ್ಷೆಯನ್ನು ತಮಾಷೆ ಮಾಡಿ ಪೇಟೆಗೆಲ್ಲ ಹೇಳಿದ.

ಮರುದಿನ ದರ್ಜಿ ಬೈಯಲಿಲ್ಲ. "ಇನ್ನು ಅವರ ಹತ್ತಿರವೇ ಓದಿಸಿ ಮಾಸ್ಟ್ರೇ, ನಿಮಗೂ ಸಮಾಧಾನ" ಎಂದ.

"ತಪ್ಪಾಯಿತು ಮಾರಾಯ" ಎಂದೆ.

"ಅದೆಲ್ಲ ಎಂತಕ್ಕೆ" ಎಂದು ಚಾ ತರಿಸಿದ.

ಚಾ ಈಗಲೂ ತರಿಸುತ್ತಾನೆ. ಮೊಮ್ಮಕ್ಕಳನ್ನು ವಿಚಾರಿಸುತ್ತಾನೆ. ಆದರೆ ರಾಜಕೀಯದ ಮಾತು ತೆಗೆದರೆ, ನಾನು ಎಂಥ ಮೂರ್ಖತನದ ಮಾತು ಆಡಿದರೂ "ಹೌದು ಮಾಸ್ಟ್ರೇ" ಎಂದುಬಿಡುತ್ತಾನೆ. ಇದಕ್ಕಿಂತ ಕಪಾಳಕ್ಕೆ ಎರಡು ಬಿಗಿದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ವಿಧಾನಸಭೆ ಚುನಾವಣೆಗೆ ಮುಂಚೆ ಒಂದು ದಿನ, ತಡೆಯಲಾರದೆ, ಅವನ ಪಕ್ಷದವರೆಲ್ಲ ಕಳ್ಳರು ಎಂದುಬಿಟ್ಟೆ. ನನಗೇ ನಂಬಿಕೆ ಇಲ್ಲದ ಮಾತು. ಒಮ್ಮೆ ಸಿಡಿಯಲಿ, ನನ್ನನ್ನು ಸುಳ್ಳುಗಾರ ಎನ್ನಲಿ ಎಂದು ಕಾದೆ.

"ಇರಬಹುದು ಮಾಸ್ಟ್ರೇ" ಎಂದು ಅವನು ಗಿರಾಕಿಯೊಬ್ಬನ ತೋಳಿನ ಅಳತೆ ತೆಗೆಯತೊಡಗಿದ.