ಅಂಚಿನ ಕಪ್ಪು

ನಮ್ಮ ಆಫೀಸಿನ ಹಿರಿಯ ಇಂಜಿನಿಯರ್ ಒಬ್ಬರನ್ನು ನಾವೆಲ್ಲ ಅಳತೆಗಾರರು ಎಂದೇ ಕರೆಯುತ್ತೇವೆ. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕಿಟಕಿಯಂತೆ ತೆರೆದು ಓಡಿಸುವ ಸಾಫ್ಟ್‌ವೇರ್ ನಮ್ಮದು. ಕಿಟಕಿ ಹಿಗ್ಗಿಸಿದರೆ ಒಳಗಿನ ಪರದೆಯೂ ಹಿಗ್ಗಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಕಪ್ಪು ಉಳಿಯುತ್ತದೆ. ಆ ಕಪ್ಪನ್ನು ಹೋಗಲಾಡಿಸುವುದೇ ಹದಿನಾಲ್ಕು ವರ್ಷಗಳಿಂದ ಅವರ ಕೆಲಸ. ಕುರ್ಚಿಗೆ ಬೆನ್ನು ತಾಗುವ ಮೊದಲೇ ಕಿಟಕಿಯ ಮೂಲೆ ಹಿಡಿದು ಎಳೆಯುತ್ತಾರೆ, ಗಾಜಿನ ಮೇಲೆ ಸ್ಟೀಲ್ ಸ್ಕೇಲಿಟ್ಟು ಅಳೆಯುತ್ತಾರೆ. ಗೋಡೆಯ ಕ್ಯಾಲೆಂಡರ್ ಕಂಡರೂ ಮೂಲೆ ಹಿಡಿದೆಳೆಯಲು ಅವರ ಕೈ ತುರಿಸುತ್ತದೆಂದು ನಮ್ಮ ಗೇಲಿ. "ಸರ್, ಹಿಗ್ಗಿದೀನಿ ಅಂತ ಒಳಗಿನ ಕಂಪ್ಯೂಟರೇ ಹೇಳ್ತಿದೆಯಲ್ಲ" ಎಂದರೆ ಸಿಟ್ಟು ನೆತ್ತಿಗೇರುತ್ತದೆ: "ಅದು ಹೇಳೋದನ್ನ ನಂಬಬೇಡಿ ಕಣ್ರೀ, ಅಳೆದು ನೋಡಿ!" ಮೊನ್ನೆ ಅವರ ಮನೆಗೆ ಹೋಗಿದ್ದೆ. ಅವರ ತಾಯಿಗೆ ನೋಟ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತಾ ಬರುವ ಕಾಯಿಲೆ. ಇವರು ದಿನವೂ ತಾಯಿಯ ಎದುರು ಕೂತು, ತೋರುಬೆರಳನ್ನು ಪಕ್ಕದಿಂದ ಮೆಲ್ಲಗೆ ಒಳಗೆ ತರುತ್ತಾ, ಎಲ್ಲಿ ಕಂಡಿತೆಂದು ಕೇಳಿ, ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. "ಅಮ್ಮಾ, ಶುರು ಮಾಡ್ತೀನಿ" ಎಂದರು. "ಕಾಣ್ತಿದೆ ಕಣೋ, ನಿನ್ನೆ ಕಂಡಲ್ಲೇ ಕಾಣ್ತಿದೆ" ಎಂದರು ತಾಯಿ. ಬೆರಳು ಇನ್ನೂ ಮಗನ ತೊಡೆ ಬಿಟ್ಟು ಮೇಲೆದ್ದಿರಲಿಲ್ಲ. ಅಳತೆಗಾರರು ಪುಸ್ತಕ ತೆರೆದು ನಿನ್ನೆಯ ಅಂಕಿಯನ್ನೇ ಬರೆದುಕೊಂಡರು.